ಡಾಕ್ಟರಬಾಯಾರು ಚಾ ಹೇಳಿದರೆಂದರೆ

ಹೋದ ತಿಂಗಳು ಧಾರವಾಡದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬ ನಿವೃತ್ತ ಡಾಕ್ಟರು ಮೈಕಿನ ಮುಂದೆ ನಿಂತು, "ಅವರು ಮೃದುಭಾಷಿ. ಯಾರಿಗೂ ಒಂದು ಗಟ್ಟಿ ಮಾತು ಆಡಿದವರಲ್ಲ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಕರವಸ್ತ್ರ ಬಾಯಿಗೆ ಹಿಡಿದು ಕೆಮ್ಮಿದಂತೆ ಮಾಡಿದೆ. ಪಕ್ಕದಲ್ಲಿ ಕೂತಿದ್ದ ನಮ್ಮ ದವಾಖಾನೆಯ ಸಿಸ್ಟರ್ ಮೊಣಕೈಯಿಂದ ತಿವಿದಳು, ಆದರೆ ಆಕೆಯ ಹೊಟ್ಟೆಯೂ ಕುಣಿಯುತ್ತಿತ್ತು. ಹಾರ ಹಾಕಿದ ಫೋಟೋದೊಳಗಿನಿಂದ ನಮ್ಮ ಡಾಕ್ಟರಬಾಯಾರು ಮಾತ್ರ ಎಂದಿನ ಹಾಗೆ ಸಿಟ್ಟಿನಿಂದಲೇ ನೋಡುತ್ತಿದ್ದರು. ಆ ಮೈಕಿನ ಮನುಷ್ಯ ಅವರ ಕೈಗೆ ಸಿಕ್ಕಿದ್ದರೆ ಅವನ ಗತಿ ಏನಾಗುತ್ತಿತ್ತು ಎಂದು ನೆನೆಸಿಕೊಂಡೇ ನಾನು ಸಭೆ ಮುಗಿಯುವ ತನಕ ಕೂತೆ.

ಇಪ್ಪತ್ತೆರಡು ವರ್ಷ ನಾನು ಅವರ ದವಾಖಾನೆಯಲ್ಲಿ ಎಕ್ಸರೇ ತೆಗೆದವನು. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ, ಕೆಳಗೆ ಔಷಧದ ಅಂಗಡಿ, ಮೇಲೆ ನಾವು. ಎದೆಯ ಬೇನೆಗಳಿಗೆಂದೇ ಇದ್ದ ದವಾಖಾನೆ. ದಮ್ಮಿನ ರೋಗಿಗಳನ್ನು ಹೀಗೆ ಮಾಳಿಗೆ ಹತ್ತಿಸುವುದು ನ್ಯಾಯವೇ ಎಂದು ಯಾರೋ ಕೇಳಿದ್ದಕ್ಕೆ, "ಮೆಟ್ಟಲಾ ಹತ್ತೂದ್ರಾಗ ಅರ್ಧಾ ತಪಾಸಣಿ ಮುಗೀತದ. ಉಳದದ್ದು ನಾ ಮಾಡ್ತೀನಿ" ಎಂದಿದ್ದರು. ಮಾತು ಸುಳ್ಳಲ್ಲ. ಒಳಗೆ ಕೂತೇ ಅವರು ಮೆಟ್ಟಿಲ ಸಪ್ಪಳ ಕೇಳುತ್ತಿದ್ದರು. ಎಷ್ಟನೆಯ ಮೆಟ್ಟಿಲಿಗೆ ನಿಂತ, ಎಷ್ಟು ಹೊತ್ತು ನಿಂತ, ಕೆಮ್ಮಿದನೋ ಬರೀ ತೇಕಿದನೋ ಎಲ್ಲ ಅವರಿಗೆ ಗೊತ್ತಾಗಿಬಿಡುತ್ತಿತ್ತು.

ನಾಲ್ಕು ಅಡಿ ಹತ್ತು ಇಂಚು ಎತ್ತರ. ಕಾಟನ್ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಹೆಗಲಿಗೆ ಸಂತೆಚೀಲ. ದಿನಾ ಧಾರವಾಡದ ಮಾಳಮಡ್ಡಿಯಿಂದ ಬಸ್ಸಿನಲ್ಲಿ ಬರುವರು. ಮಾಳಮಡ್ಡಿಯ ಆ ಮನೆಯಲ್ಲಿ ಹಾಡದವರು ಇರಲಿಲ್ಲ, ಇದ್ದರೂ ಅವರು ತಂಬೂರಿ ಮೀಟುತ್ತಿದ್ದರು. ಇವರನ್ನೂ ಏಳನೇ ವರ್ಷಕ್ಕೆ ಸೋದರತ್ತೆಯ ಮುಂದೆ ಕೂರಿಸಿದ್ದರಂತೆ. ಮೂರು ತಿಂಗಳ ಮೇಲೆ ಅತ್ತೆ ಕೈಮುಗಿದು, "ಈ ಕೂಸಿಗೆ ಬ್ಯಾರೆ ಏನರೆ ಕಲಸ್ರಿ, ನನ್ನ ಕಿವಿ ಉಳೀಲಿ" ಎಂದಳಂತೆ. ಇದನ್ನು ಹೇಳಿ ಹೇಳಿ ನಗುತ್ತಿದ್ದರು. ಅವರ ಗುನುಗು ಕೇಳಿದವರಿಗೆ ಅತ್ತೆಯ ಮೇಲೆ ಮರುಕ ಹುಟ್ಟುತ್ತಿತ್ತು. ಆದರೆ ಅದೇ ಕಿವಿಗೆ ಸ್ಟೆತಸ್ಕೋಪು ಇಟ್ಟರೆ ಸಾಕು, ಬೆನ್ನಿನ ಎಷ್ಟನೆಯ ಎಲುಬಿನ ಸಂದಿಯಲ್ಲಿ ಗಾಳಿ ಎಡವುತ್ತಿದೆ ಎಂದು ಬೆರಳಿಟ್ಟು ತೋರಿಸುವರು.

ಹಳ್ಳಿಯವರು ಎಕ್ಸರೇಗೆ ಫೋಟೋ ಎನ್ನುತ್ತಾರಲ್ಲ, ಹಾಗಾಗಿ ನಾನು ಊರಿಗೆಲ್ಲ ಫೋಟೋ ಮಾಮಾ. ಬಾಯಾರು ಮನಸ್ಸು ಛಲೋ ಇದ್ದಾಗ "ಏ ಫೋಟೋಗ್ರಾಫರಾ" ಎನ್ನುವರು, ಉಳಿದಂತೆ "ಕತ್ತಿ", ಅಂದರೆ ಕತ್ತೆ. ಅದರಲ್ಲಿ ಭೇದಭಾವ ಇರಲಿಲ್ಲ. ಬೀಡಿ ಬಿಡದ ಹಮಾಲ ಕತ್ತಿ, ಔಷಧ ಅರ್ಧಕ್ಕೆ ಬಿಟ್ಟ ಪ್ರೊಫೆಸರ್ ಕತ್ತಿ, ಬಾಗಿಲು ಧಡಾರನೆ ಹಾಕಿದ ಇನ್‌ಸ್ಪೆಕ್ಟರ್ ಕೂಡ ಕತ್ತಿ. ಬೈಸಿಕೊಂಡವರು ಮೆಟ್ಟಿಲು ಇಳಿಯುವಾಗ ಮಾತ್ರ ಮುಖ ಅರಳಿಸಿಕೊಂಡು ಇಳಿಯುತ್ತಿದ್ದರು. ಯಾಕೆಂದರೆ ಬಾಯಾರು ಬೈದರೆಂದರೆ ಜೀವಕ್ಕೇನೂ ಧೋಕಾ ಇಲ್ಲ.

ಅಂಜಬೇಕಾದದ್ದು ಚಾಕ್ಕೆ. ತಪಾಸಣೆ ಮುಗಿಸಿ ಸ್ಟೆತಸ್ಕೋಪು ಕೊರಳಿಗೆ ಹಾಕಿಕೊಂಡು, ದನಿ ಇಳಿಸಿ, "ಕೂಡ್ರಿ, ಆರಾಮ ಕೂಡ್ರಿ. ಸಿಸ್ಟರ್, ಇವರಿಗೊಂದ ಚಾ ಹೇಳ್ರಿ" ಎಂದರೋ, ರೋಗ ದೊಡ್ಡದು ಎಂದೇ ಲೆಕ್ಕ. ಹೀಗೆ ಯಾಕೆ ಎಂದು ನಾನೊಮ್ಮೆ ಕೇಳಿದೆ. "ಕೆಟ್ಟ ಸುದ್ದಿ ಕೇಳೂ ಮುಂದ ಕೈಯಾಗ ಏನರೆ ಬೆಚ್ಚಗಿಂದು ಇರಬೇಕೋ. ಇಲ್ಲಂದ್ರ ಮನುಷ್ಯಾಗ ಕೈ ಎಲ್ಲಿಡಬೇಕು ತಿಳಿಯಂಗಿಲ್ಲ" ಎಂದರು. ಈ ಗುಟ್ಟು ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ. ಸುತ್ತಲಿನ ಹಳ್ಳಿಗಳಿಗೆ ಸುದ್ದಿ ಹೋಗಿ, ನಮ್ಮ ಬಾಕಿನ ಮೇಲೆ ಕೂತ ರೋಗಿಗಳು ಕೆಳಗಿನಿಂದ ಚಾದ ತಟ್ಟೆ ಬರುವುದನ್ನು ಕಂಡರೆ ದೇವರ ಹೆಸರು ಹೇಳಿಕೊಳ್ಳತೊಡಗಿದರು. ನಾನು, ಸಿಸ್ಟರ್ ನಮ್ಮ ಚಾವನ್ನು ಕೆಳಗೆ ಹೋಗಿಯೇ ಕುಡಿದುಬರಬೇಕಾಯಿತು.

ಸುಳ್ಳ ಎಂಬ ಹಳ್ಳಿಯ ಒಬ್ಬ ರೈತನಂತೂ ಓಡಿಯೇ ಹೋದ. ಎದೆಯ ಬಲಗಡೆ ನಿಂಬೆಕಾಯಿಯಷ್ಟು ಬಾವು ಬಂದಿತ್ತು. ನೋವಿಲ್ಲ, ಕೆಂಪಿಲ್ಲ, ಜ್ವರ ಹೇಳಿಕೊಳ್ಳುವಂಥದ್ದಲ್ಲ. ಒಬ್ಬರು ಎರಡು ಸಲ ಕೊಯ್ದು ಕೀವು ತೆಗೆದಿದ್ದರು, ಮತ್ತೆ ತುಂಬಿಕೊಂಡಿತ್ತು. ಇನ್ನೊಬ್ಬರು ಕ್ಯಾನ್ಸರ್ ಇದ್ದೀತು ಎಂದಿದ್ದರು. ಬಾಯಾರು ಅಂಗೈ ಇಟ್ಟು, "ಬಾವು ಅಂದ್ರ ಬಿಸಿ ಇರಬೇಕು. ಇದು ತಣ್ಣಗದ" ಎಂದು, ನಾನು ತೆಗೆದ ಫಿಲಮ್ಮಿನ ಅಂಚಿನಲ್ಲಿ ಒಂದು ಎಲುಬನ್ನು ತೋರಿಸಿದರು. ಇಲಿ ಕಡಿದಂತೆ ಸವೆದಿತ್ತು. ಎಲುಬಿಗೆ ಹತ್ತಿದ ಟಿಬಿ. ಹೇಳುವ ಮೊದಲು ರೂಢಿಯಂತೆ, "ಕೂಡ್ರಿ, ಚಾ ತುಗೋರಿ" ಅಂದರು. ಆತ ರುಮಾಲು ಎತ್ತಿಕೊಂಡವನೇ ಮೆಟ್ಟಿಲಿಳಿದು ಪಾರು.

ನಾನು ಸ್ಕೂಟರ್ ತೆಗೆದುಕೊಂಡು ಬೆನ್ನುಹತ್ತಿದೆ. ಸುಳ್ಳದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿದು ಕೂತಿದ್ದ. ಎಷ್ಟು ಹೇಳಿದರೂ ಇಳಿಯಲೊಲ್ಲ.

"ಆ ಚಾ ಕುಡದವರು ಉಳದಿಲ್ಲಂತ್ರಿ ಮಾಮಾ. ನಮ್ಮೂರಾಗ ಎಲ್ಲಾರಿಗೂ ಗೊತ್ತೈತಿ."

ನಾನು ಫೋನು ಹಚ್ಚಿ ಅವನ ಕಿವಿಗೇ ಇಟ್ಟೆ. ಬಾಯಾರ ದನಿ ನನಗೂ ಕೇಳಿಸಿತು, ಅರ್ಧ ಬಸ್ಸಿಗೂ ಕೇಳಿಸಿತು. "ಚಾ ಕುಡದವರು ಉಳದಾರೋ ಕತ್ತಿ! ನಿನ್ನಂಗ ಓಡಿ ಹ್ವಾದವರ ಉಳದಿಲ್ಲ. ಇಳೀತೀಯೋ, ನಾ ಬರ್ಲೋ?"

ಬೈಸಿಕೊಂಡ ಮೇಲೆ ಮನುಷ್ಯನಿಗೆ ಧೈರ್ಯ ಬಂತು. ಇಳಿದ. ತಿಂಗಳುಗಟ್ಟಲೆ ಗುಳಿಗೆ ನುಂಗಿ ನೆಟ್ಟಗಾದ. ಆಮೇಲೆ ಪ್ರತಿ ವರ್ಷ ಸುಗ್ಗಿಯ ಮುಂದೆ ಹಸಿ ಕಡಲೆಯ ದೊಡ್ಡ ಸಿವುಡು ತಂದು ಬಾಯಾರ ಟೇಬಲ್ಲಿನ ಮೇಲೆ ಒಗೆಯುತ್ತಿದ್ದ. ಅವರು ರೋಗಿಗಳನ್ನು ನೋಡುತ್ತಲೇ ಸುಲಿದು ತಿಂದು, ಸಿಪ್ಪೆಯನ್ನೆಲ್ಲ ನನ್ನ ಎಕ್ಸರೇ ಲಕೋಟೆಗಳಲ್ಲಿ ತುಂಬಿಡುತ್ತಿದ್ದರು.

ಟಿಬಿ ಅಂದರೆ ಕೆಮ್ಮು, ರಕ್ತ, ಫಿಲಮ್ಮಿನ ಮೇಲ್ತುದಿಯಲ್ಲೊಂದು ಕಲೆ ಎಂದು ತಿಳಿದು ಬರುತ್ತಿದ್ದ ಹೊಸ ಡಾಕ್ಟರುಗಳಿಗೆ ಅವರು ಹೇಳುತ್ತಿದ್ದುದು ಒಂದೇ: "ಟಿಬಿ ಅಂದ್ರ ಲಗ್ನದ ಮನ್ಯಾಗ ಕರೀದ ಬಂದು ಉಣ್ಣಾಂವ ಇದ್ದಂಗ. ಗಂಡಿನವರು ಇಂವಾ ಹೆಣ್ಣಿನ ಕಡ್ಯಾಂವ ಅಂತಾರ, ಹೆಣ್ಣಿನವರು ಗಂಡಿನ ಕಡ್ಯಾಂವ ಅಂತಾರ. ಅಂವಾ ಎರಡೂ ಪಂಕ್ತ್ಯಾಗ ಉಂಡು ಹೋಗ್ತಾನ." ಫಿಲಂ ನೋಡುವಾಗ ನಡುವೆ ನೋಡುತ್ತಿರಲಿಲ್ಲ. ಮೊದಲು ನಾಲ್ಕು ಮೂಲೆ, ಆಮೇಲೆ ಹೃದಯದ ಹಿಂದೆ, ಆಮೇಲೆ ಕೊರಳೆಲುಬಿನ ಮರೆಗೆ. "ಮನಿ ನೋಡ್ಲಿಕ್ಕೆ ಹ್ವಾದ್ರ ಪಡಸಾಲಿ ಏನ ನೋಡ್ತೀರಿ? ಬಚ್ಚಲಾ ನೋಡ್ರಿ" ಎನ್ನುವರು.

ಹಾಗಂತ ಅವರು ತಪ್ಪೇ ಮಾಡುತ್ತಿರಲಿಲ್ಲ ಅಂದುಕೊಳ್ಳಬೇಡಿ. ಸಾಕಷ್ಟು ಮಾಡುತ್ತಿದ್ದರು. ತಾವು ಎಡವಿದ ಫಿಲಮ್ಮುಗಳನ್ನೆಲ್ಲ ಒಂದು ಕಬ್ಬಿಣದ ಕಪಾಟಿನಲ್ಲಿ ಇಟ್ಟಿದ್ದರು. ಅದಕ್ಕೆ ಮರ್ಯಾದಿ ಕಪಾಟು ಎಂದು ಹೆಸರು. ಶನಿವಾರ ಮಧ್ಯಾಹ್ನ ಹೊಸ ಡಾಕ್ಟರುಗಳನ್ನು ಕೂರಿಸಿಕೊಂಡು ಅದರಿಂದ ಒಂದನ್ನು ತೆಗೆದು ದೀಪದ ಪೆಟ್ಟಿಗೆಗೆ ತೂಗುಹಾಕಿ, "ಬರ್ರಿ, ಇವತ್ತ ಯಾವದ್ರಾಗ ನನ್ನ ಮರ್ಯಾದಿ ಹೋಗೇದ ನೋಡೂಣು" ಎನ್ನುವರು. ಆ ಕಪಾಟಿನಲ್ಲಿ ನನ್ನದೂ ಒಂದು ಫಿಲಂ ಇದೆ. ಅದು ಅಲ್ಲಿಗೆ ಹೋದದ್ದು ಹೀಗೆ.

ಆರು ವರ್ಷದ ಹಿಂದೆ ನನ್ನ ಮಗಳು ಗದಗಿನಿಂದ ಹೆರಿಗೆಗೆ ಬಂದಳು. ಅದೇ ಹೊತ್ತಿಗೆ ನನಗೆ ಒಣ ಕೆಮ್ಮು ಹತ್ತಿತು. ಒಮ್ಮೊಮ್ಮೆ ಉಸಿರು ಬಿಟ್ಟರೆ ಸಣ್ಣ ಸೀಟಿ. ಧೂಳು ಎಂದೆ, ಹವಾ ಎಂದೆ. ಕೆಳಗಿನ ಅಂಗಡಿಯವನು ಉಬ್ಬಸದ ಪಂಪು ಕೊಟ್ಟ, ಎಳೆದೆ. ಹೆಣ್ಣು ಕೂಸು ಹುಟ್ಟಿತು. ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆ ಹಾಕುತ್ತಿದ್ದರಲ್ಲ, ಕೆಮ್ಮನ್ನು ಅದರ ತಲೆಗೆ ಕಟ್ಟಿದೆ. ದವಾಖಾನೆಯಿಂದ ಬಂದವನು ಕೈಕಾಲು ತೊಳೆದು ಕೂಸನ್ನು ಎತ್ತಿಕೊಂಡರೆ ಊಟದ ತನಕ ಕೆಳಗಿಡುತ್ತಿರಲಿಲ್ಲ. ಅದು ನನ್ನ ಎದೆಯ ಮೇಲೇ ಮಲಗಿಬಿಡುತ್ತಿತ್ತು.

ಒಳಗೊಳಗೇ ಸಂಶಯ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹದಿನೆಂಟು ವರ್ಷ ಎಂಥೆಂಥವರ ಎದೆ ನೋಡಿದವನು. ಆದರೆ ಫೋಟೋ ಮಾಮಾಗೇ ಟಿಬಿ ಎಂದರೆ ಬೀಗರು ಮರುದಿನವೇ ಮಗಳನ್ನೂ ಕೂಸನ್ನೂ ಗದಗಿಗೆ ಒಯ್ಯುತ್ತಾರೆ, ತಿರುಗಿ ಕಳಿಸುವುದಿಲ್ಲ ಎಂಬ ಅಂಜಿಕೆ. ಅದಕ್ಕೆ ಒಂದು ಉಪಾಯ ಮಾಡಿದೆ. ಸಿಸ್ಟರಿಗೆ ಆಣೆ ಹಾಕಿಸಿ, ಬಟನ್ ಒತ್ತಲು ಹೇಳಿ, ನನ್ನ ಎದೆಯ ಫಿಲಂ ನಾನೇ ತೆಗೆದುಕೊಂಡೆ. ಹೆಸರು ಬಸಪ್ಪ, ಊರು ಕುಂದಗೋಳ ಎಂದು ಬರೆದೆ. ದೀಪಕ್ಕೆ ಹಿಡಿದು ನೋಡಿದರೆ ತೊಳೆದಿಟ್ಟ ತಟ್ಟೆಯಷ್ಟು ಸ್ವಚ್ಛ. ಆದರೂ ಬಾಯಾರ ಬಾಯಿಂದ ಕೇಳಬೇಕಲ್ಲ, ಅವರ ಗುಡ್ಡೆಯಲ್ಲಿ ಸೇರಿಸಿದೆ.

ಮೂಲೆ ನೋಡಿದರು. ಹೃದಯದ ಹಿಂದೆ ನೋಡಿದರು. "ನಾರ್ಮಲ್. ಈ ಬಸಪ್ಪ ಎಲ್ಲಿದ್ದಾನ?"

"ಬಸ್ಸಿಗೆ ಹೊತ್ತಾತಂತ ಹ್ವಾದ್ರಿ."

"ಎದಿ ಇಲ್ಲೆ ಬಿಟ್ಟು ಮನುಷ್ಯಾ ಹ್ವಾದ? ಮುಂದಿನ ಸಲ ಹಿಡಕೊಂಡ್ ಬಾ. ನಾ ಫಿಲಮ್ಮಿಗೆ ಔಷಧ ಕೊಡಂಗಿಲ್ಲ."

ನಾರ್ಮಲ್ ಎಂಬ ಒಂದು ಮಾತು ಸಾಕಾಗಿತ್ತು. ಯಾವ ಪೂಜಾರಿಯೂ ತನ್ನ ದೇವರನ್ನು ನಾನು ಫಿಲಂ ನಂಬಿದಷ್ಟು ನಂಬಿರಲಿಕ್ಕಿಲ್ಲ. ಅವತ್ತು ಸಂಜೆ ಪೇಢೆ ತೆಗೆದುಕೊಂಡು ಮನೆಗೆ ಹೋದೆ. ಕೂಸಿನ ಗಲ್ಲಕ್ಕೆ ಮುತ್ತು ಕೊಟ್ಟೆ. ಕೆಮ್ಮಿದೆ, ಮತ್ತೆ ಕೊಟ್ಟೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಹತ್ತು ದಿನದ ಮೇಲೆ ಬಾಯಾರು ಕೂಗಿದರು. ಒಳಗೆ ಹೋದರೆ ದೀಪದ ಪೆಟ್ಟಿಗೆಯ ಮೇಲೆ ಮೂರು ಫಿಲಂ ಸಾಲಾಗಿ ತೂಗುತ್ತಿದ್ದವು. ಮೂರೂ ಮಸುಕು. ಫಿಲಂ ತೆಗೆಯುವಾಗ ರೋಗಿ ಅಲುಗಾಡಿದರೆ ಹೀಗಾಗುತ್ತದೆ. ಬೈಗಳಕ್ಕೆ ತಯಾರಾಗಿ ನಿಂತೆ.

"ಈ ಮುದುಕಿ ಅಲುಗ್ಯಾಳ. ಈ ಕಾಲೇಜ ಹುಡುಗಿ ಅಲುಗ್ಯಾಳ. ಇಂವಾ ಗರಡಿ ಪೈಲವಾನ, ಇಂವಾನೂ ಅಲುಗ್ಯಾನ" ಎಂದರು. "ಇಷ್ಟ ವರ್ಷದಾಗ ನಿನ್ನ ಕೈಯಾಗ ಒಬ್ಬರೂ ಅಲುಗಿದ್ದಿಲ್ಲ. ಅವರು ಯಾಕ ಅಲುಗಿದ್ರು?"

ಕಾರಣ ನನಗೆ ಗೊತ್ತಿತ್ತು. "ಶ್ವಾಸ ತುಗೋರಿ, ಹಿಡೀರಿ" ಎಂದು ರೋಗಿಗೆ ಹೇಳಿ ಬಟನ್ ಒತ್ತುವಾಗ, ಮೊದಲಿನಿಂದಲೂ ನಾನೂ ಅವರ ಜೋಡಿ ಶ್ವಾಸ ಹಿಡಿಯುತ್ತೇನೆ. ಅದು ನನ್ನ ಚಾಳಿ. ನನಗೆ ಎಲ್ಲಿಗೆ ಸಾಕಾಗುತ್ತದೋ ರೋಗಿಗೂ ಅಲ್ಲಿಗೆ ಸಾಕಾಗಿರುತ್ತದೆ ಎಂಬ ಅಂದಾಜು. ಈಗ ಹಿಡಿದ ತಕ್ಷಣ ನನಗೇ ಕೆಮ್ಮು ಒತ್ತಿ ಬರುತ್ತಿತ್ತು. ಆ ಸದ್ದಿಗೆ ರೋಗಿ ಬೆಚ್ಚಿ ಅಲುಗುತ್ತಿದ್ದ. ಬಾಯಾರು ಮೂವರ ಎದೆ ನೋಡಿ ನಾಲ್ಕನೆಯವನ ಬೇನೆ ಹಿಡಿದಿದ್ದರು.

ಅಂಗಿ ಬಿಚ್ಚಲು ಹೇಳಿದರು. ಬಲಗಡೆ ಒಂದು ಸಲ ಕೇಳಿದರು, ಎಡಗಡೆ ಬಹಳ ಹೊತ್ತು ಕೇಳಿದರು. ಆಮೇಲೆ ಬೆರಳಿನಿಂದ ನನ್ನ ಕೊರಳೆಲುಬು ಮುಟ್ಟಿದರು. ಹಿಂದೆ ಸ್ಕೂಟರಿನಿಂದ ಬಿದ್ದು ಮುರಿದು, ಸೊಟ್ಟಗೆ ಕೂಡಿಕೊಂಡ ಎಲುಬು.

"ಕುಂದಗೋಳದ ಬಸಪ್ಪಂದೂ ಹಿಂಗ ಸೊಟ್ಟ ಇತ್ತು. ಅವತ್ತ ಕಣ್ಣಿಗೆ ಬಿದ್ದಿತ್ತು, ತಲಿಗೆ ಹತ್ತಲಿಲ್ಲ. ಕತ್ತಿ ನಾನ" ಎಂದರು. ಆಮೇಲೆ ಸ್ಟೆತಸ್ಕೋಪು ಕೊರಳಿಗೆ ಹಾಕಿಕೊಂಡು ಮೆಲ್ಲಗೆ, "ಕೂಡ್ರಿ. ಸಿಸ್ಟರ್, ಇವರಿಗೊಂದ ಚಾ ಹೇಳ್ರಿ" ಎಂದರು.

ಸುಳ್ಳದ ರೈತ ಯಾಕೆ ಓಡಿದ ಎಂದು ಅವತ್ತು ತಿಳಿಯಿತು. ನನಗೆ ಓಡಲಿಕ್ಕೂ ಆಗಲಿಲ್ಲ. "ಬ್ಯಾಡ್ರಿ ಬಾಯಾರ, ಬೈರಿ. ನಾಕ ಮಾತ ಬೈರಿ" ಎಂದೆ.

ಅವರು ಬೈಯಲಿಲ್ಲ. ಚಾ ಬಂದು ನನ್ನ ಕೈ ಸೇರಿದ ಮೇಲೆ ಹೇಳಿದರು: "ಉಬ್ಬಸ ಇದ್ರ ಎರಡೂ ಕಡೆ ಸೀಟಿ ಹೊಡೀತದ. ನಿಮಗ ಒಂದ ಕಡೆ, ಒಂದ ಜಾಗಾದಾಗ ಹೊಡೀಲಿಕ್ಕತ್ತದ. ಶ್ವಾಸದ ನಳಿಗಿ ಒಳಗ ಏನೋ ಕೂತದ. ನಳಿಗ್ಯಾಗ ಟಿಬಿ ಕೂತ್ರ ಫಿಲಮ್ಮಿನ್ಯಾಗ ಕಾಣದನೂ ಇರಬಹುದು. ದುರ್ಬೀನು ಹಾಕಿ ನೋಡೂಣು." ಆಮೇಲೆ ಕೇಳಿದರು, "ಮನ್ಯಾಗ ಕೂಸದ ಅಲ್ಲ?"

ಆ ಮಾತಿಗೆ ನಾನು ಅತ್ತುಬಿಟ್ಟೆ. ಕೈಯಲ್ಲಿದ್ದ ಚಾ ತುಳುಕಿ ಪ್ಯಾಂಟಿನ ಮೇಲೆ ಚೆಲ್ಲಿತು.

ಅವರ ಹಳೆಯ ವಿದ್ಯಾರ್ಥಿಯೊಬ್ಬ ದೊಡ್ಡ ದವಾಖಾನೆಯಲ್ಲಿ ಮೂಗಿನೊಳಗಿಂದ ದುರ್ಬೀನಿನ ಸಣ್ಣ ಕೊಳವೆ ಇಳಿಸಿದ. ಎಡಗಡೆಯ ನಳಿಗೆಯ ಒಳಗೋಡೆಗೆ ಮೊಸರು ಹೆಪ್ಪುಗಟ್ಟಿದ ಹಾಗೆ ಬೆಳ್ಳಗೆ ಮೆತ್ತಿಕೊಂಡಿತ್ತು. ಪರೀಕ್ಷೆಯಲ್ಲಿ ಟಿಬಿಯೇ ಎಂದು ಬಂತು. ಔಷಧ ಸುರುವಾಯಿತು. ಮೊದಲ ದಿನ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದ್ದು ಕಂಡು, ಅದು ಆ ಗುಳಿಗೆಯ ಗುಣ ಎಂದು ಸಾವಿರ ರೋಗಿಗಳಿಗೆ ಹೇಳಿದ ನಾನೇ ಚೀರಿದೆ. ಹಾಸಿಗೆ ಮಾಳಿಗೆಯ ಮೇಲಿನ ತಗಡಿನ ಕೋಣೆಗೆ ಹೋಯಿತು. ಕೂಸು ಕೆಳಗೆ ಅತ್ತರೆ ಮೇಲೆ ಕೇಳಿಸುತ್ತಿತ್ತು.

ಸಿಸ್ಟರ್ ಕೂಸಿನ ಫಿಲಂ ತೆಗೆದಳು. ಸ್ವಚ್ಛ ಇದೆ ಎಂದಳು. ಆದರೆ ಸ್ವಚ್ಛ ಫಿಲಂ ಎಂಬುದರ ಮೇಲೆ ನನಗಿದ್ದ ಭಕ್ತಿ ಆಗಲೇ ಹಾರಿಹೋಗಿತ್ತು. "ಬಾಯಾರ, ನೀವ ಬಂದು ಕಿವಿ ಇಟ್ಟ ಕೇಳ್ರಿ" ಎಂದು ಫೋನಿನಲ್ಲಿ ಬೇಡಿಕೊಂಡೆ.

ಭಾನುವಾರ ಬಂದರು. ಸುದ್ದಿ ತಿಳಿದು ಬೀಗರೂ ಗದಗಿನಿಂದ ಬಂದು ಕೂತಿದ್ದರು. ಬೀಗತಿ ನನ್ನ ಮಗಳ ಬಟ್ಟೆಗಂಟನ್ನು ಆಗಲೇ ಕಟ್ಟಿಸಿದ್ದಳು. ನಾನು ಮೂಗಿಗೆ ಮಾಸ್ಕು ಕಟ್ಟಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತೆ. ಒಳಗೆ ಯಾರೂ ಮಾತಾಡುತ್ತಿಲ್ಲ. ಬಾಯಾರು ಕೂಸಿನ ಎದೆಗೆ ಸ್ಟೆತಸ್ಕೋಪು ಇಟ್ಟಿರಬೇಕು. ನನ್ನ ಹೆಂಡತಿಗೆ ಚಾದ ಗುಟ್ಟು ಚೆನ್ನಾಗಿ ಗೊತ್ತು. ಆದರೂ ಮನೆಗೆ ಬಂದವರನ್ನು ಕೇಳುವ ರೂಢಿ ಬಿಡುತ್ತದೆಯೇ? ಕೇಳಿಯೇಬಿಟ್ಟಳು: "ಬಾಯಾರ, ಚಾ ಇಡ್ಲ್ಯಾ?"

ನಾನು ಮೆಟ್ಟಿಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಯಾರಿಗೆ ಬೇಕ ನಿಮ್ಮ ಚಾ!" ಬಾಯಾರ ದನಿ ಮಾಳಿಗೆ ಮುಟ್ಟಿತು. "ಈ ಕತ್ತಿ ಕೂಸು ನನ್ನ ಹೊಸ ಸೀರಿ ಮ್ಯಾಲೆ ಉಚ್ಚಿ ಹೊಯ್ತು! ಅಜ್ಜ ಒಂದ ಕತ್ತಿ, ಮಮ್ಮಗಳೊಂದ ಕತ್ತಿ! ಏ ಬೀಗತಿ, ಸುಮ್ಮನ ಏನ ನೋಡ್ತೀ? ಒಂದ ಅರಿವಿ ತಾ!"

ನಾನು ಹೊರಗೆ ಒಬ್ಬನೇ ನಕ್ಕೆ, ಒಬ್ಬನೇ ಅತ್ತೆ. ಬೀಗತಿ ಅರಿವೆ ಹುಡುಕಲು ಕಟ್ಟಿದ ಗಂಟನ್ನೇ ಬಿಚ್ಚಿದಳಂತೆ. ಬಿಚ್ಚಿದ್ದನ್ನು ತಿರುಗಿ ಕಟ್ಟಲು ಬಾಯಾರು ಬಿಡಲಿಲ್ಲ. ಕೂಸಿಗೆ ಆರು ತಿಂಗಳು ಮುಂಜಾಗ್ರತೆಯ ಔಷಧ ಕೊಡಬೇಕು, ತಿಂಗಳಿಗೊಮ್ಮೆ ತಾವೇ ನೋಡಬೇಕು, ಅಜ್ಜ ಮಾಳಿಗೆ ಬಿಟ್ಟು ಇಳಿದರೆ ಕಾಲು ಮುರಿಯುತ್ತೇನೆ ಎಂದು ಹೇಳಿ, ಒದ್ದೆ ಸೀರೆಯಲ್ಲೇ ಬಸ್ಸಿಗೆ ಹೋದರು. ತೊಟ್ಟಿಲ ಕಾರ್ಯ ನಮ್ಮ ಮನೆಯಲ್ಲೇ ಆಯಿತು. ನಾನು ಮೇಲಿನಿಂದ ಅಕ್ಕಿಕಾಳು ಹಾಕಿದೆ.

ನನಗೆ ಗುಣವಾಯಿತು. ಆದರೆ ಹುಣ್ಣು ಮಾಯ್ದ ಜಾಗದಲ್ಲಿ ನಳಿಗೆ ತುಸು ಕಿರಿದಾಗಿ, ಎಡಗಡೆ ಸಣ್ಣ ಸೀಟಿ ಕಾಯಂ ಉಳಿಯಿತು. ಬಸಪ್ಪನ ಫಿಲಂ ಮರ್ಯಾದಿ ಕಪಾಟಿಗೆ ಸೇರಿತು. ಎಷ್ಟೋ ಶನಿವಾರ ಬಾಯಾರು ಅದನ್ನು ತೂಗುಹಾಕಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ, "ಇಲ್ಲಿ ಇಬ್ಬರು ಕತ್ತಿಗೋಳು ಅವ. ಒಂದು ಫಿಲಂ ತಗೀತು, ಒಂದು ಓದಿತು" ಎಂದು ಪಾಠ ಸುರು ಮಾಡುತ್ತಿದ್ದರು.

ಎರಡು ವರ್ಷದ ಹಿಂದೆ ದವಾಖಾನೆ ಮುಚ್ಚಿದರು. ಈ ಸಲ ಮೊಮ್ಮಗಳು ರಜೆಗೆ ಬಂದಾಗ ಫೋನು ಬಂತು, "ಆ ಉಚ್ಚಿ ಹೊಯ್ದ ಕತ್ತೀನ್ನ ಕರ್ಕೊಂಡ ಬಾ" ಎಂದು. ಮಾಳಮಡ್ಡಿಗೆ ಹೋದೆವು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಕಾಲು ಬಾತಿದ್ದವು. ಮಾತಿನ ನಡುವೆ ನಿಂತು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಯಾವ ಮೆಟ್ಟಿಲನ್ನೂ ಹತ್ತಿರಲಿಲ್ಲ.

ಮೊದಲು ಹುಡುಗಿಯನ್ನು ಹತ್ತಿರ ಕರೆದು, ದಿಂಬಿನ ಕೆಳಗಿನಿಂದ ಸ್ಟೆತಸ್ಕೋಪು ತೆಗೆದು ಎದೆ, ಬೆನ್ನು ಎರಡೂ ಕಡೆ ಕೇಳಿದರು. ಹುಡುಗಿಗೆ ಕಚಗುಳಿಯಾಗಿ ಕಿಲಕಿಲ ನಕ್ಕಳು. "ಸುಮ್ಮನ ನಿಂದರ ಕತ್ತಿ! ಡೊಳ್ಳ ಬಾರಿಸಿದಂಗ ಎದಿ ಇಟಗೊಂಡು ನನ್ನ ಕಿವಿ ಹರೀತಿ! ಹೋಗ, ಹಿತ್ತಲದಾಗ ಪ್ಯಾರಲಕಾಯಿ ಅವ, ಹರಕೋ ಹೋಗ!" ಎಂದು ಇದ್ದ ಉಸಿರನ್ನೆಲ್ಲ ಖರ್ಚು ಮಾಡಿ ಗದರಿದರು. ಹುಡುಗಿ ಓಡಿಹೋದಳು.

ಬಾಯಾರು ದಿಂಬಿಗೆ ಒರಗಿದರು. ಸ್ಟೆತಸ್ಕೋಪನ್ನು ಕೊರಳಿಗೆ ಹಾಕಿಕೊಂಡರು. ನನ್ನನ್ನು ನೋಡಿ ಮೆಲ್ಲಗೆ, "ಕೂಡ್ರಿ" ಎಂದರು. ಅಡುಗೆಮನೆ ಕಡೆ ತಿರುಗಿ ತಂಗಿಗೆ ಹೇಳಿದರು, "ಇವರಿಗೊಂದ ಚಾ ಮಾಡ್ವಾ."

ನಾನು ಬೇಡ ಅನ್ನಲಿಲ್ಲ. ಲೋಟ ಎರಡೂ ಕೈಯಲ್ಲಿ ಹಿಡಿದು, ಪೂರ್ತಿ ಕುಡಿದು ಮುಗಿಸಿದೆ. ತಮ್ಮ ಬೇನೆಯ ಬಗ್ಗೆ ಅವರು ಹೇಳಬೇಕಾದ್ದನ್ನೆಲ್ಲ ಹೇಳಿದರು, ನಾನು ಕೇಳಿಸಿಕೊಂಡೆ.

ಬರುವಾಗ ಮೊಮ್ಮಗಳು ಉಡಿಯ ತುಂಬ ಪೇರಲೆ ಕಟ್ಟಿಕೊಂಡು ಮುಖ ಊದಿಸಿದ್ದಳು.

"ನಾ ಏನೂ ಮಾಡಿಲ್ಲ. ಆ ಅಜ್ಜಿ ನನಗ್ಯಾಕ ಬೈದ್ರು?"

"ನಿನಗ ಏನೂ ಆಗಿಲ್ಲವಾ, ಅದಕ್ಕ ಬೈದ್ರು."

"ನಿನಗ?"

"ನನಗ ಬೈಲಿಲ್ಲ," ಎಂದೆ. "ಚಾ ಕೊಟ್ರು."